ಜಾರ್ಜ್ ಫರ್ನಾಂಡಿಸ್ ಬಗ್ಗೆ ಓಡ್ಯಾಡ್ತಿರೋ ಮೆಸೇಜಿಗೆ ಒಂದು ಸ್ಪಷ್ಟನೆ

ನಮ್ಮ ಬೆಳಗಾವಿ ವಾಟ್ಸಾಪ್ ಗ್ರೂಪ್‌ಗಳೊಳಗ ಎರಡು ದಿನದಿಂದ ಒಂದು ಫಾರ್ವರ್ಡ್ ಬರಾಕತ್ತೇತಿ, ಬೇಡಿ ಹಾಕಿದ ಕೈ ಮ್ಯಾಲೆತ್ತಿದ ಜಾರ್ಜ್ ಫೋಟೋ, ಕೆಳಗ "ಕರ್ನಾಟಕದಿಂದ ಗೆದ್ದು ರೈಲ್ವೆ ಮಂತ್ರಿ ಆಗಿ 1974ರಾಗ ತಾವೇ ಸ್ಟ್ರೈಕ್ ಮಾಡಿಸಿದ್ರು" ಅಂತ. ಇದು ತಪ್ಪ್ ಐತ್ರಿ.

1974ರಾಗ ಅವರು ಮಂತ್ರಿ ಅಲ್ಲ, ಅಖಿಲ ಭಾರತ ರೈಲ್ವೆ ನೌಕರರ ಫೆಡರೇಶನ್ ಅಧ್ಯಕ್ಷರಿದ್ರು, ರೈಲ್ವೆ ಮಂತ್ರಿ ಇದ್ದವ್ರು ಎಲ್.ಎನ್. ಮಿಶ್ರಾ. ಮೇ 8ಕ್ಕ ಶುರುವಾದ ಸ್ಟ್ರೈಕ್ ಸುಮಾರು 20 ದಿನ ನಡೀತು. ನಮ್ಮಪ್ಪ ಗ್ಯಾಂಗ್‌ಮನ್ ಇದ್ರು, ಅವರೂ ಡ್ಯೂಟಿಗೆ ಹೋಗಿರ್ಲಿಲ್ಲ, ಅವ್ವ ಬಾಜೂ ಮನ್ಯಾಗ ಜೋಳ ಕಡ ತಂದು ರೊಟ್ಟಿ ಬಡದಾಳ, ಆ ವರ್ಷದ ಯೂನಿಯನ್ ಚಂದಾ ರಸೀದಿ ಹಳದಿ ಆಗಿ ಇನ್ನೂ ನಮ್ಮ ಟ್ರಂಕಿನ್ಯಾಗ ಐತಿ. ಹಿಂಗಾಗಿ ಇದನ್ನ ಸುಮ್ಮನ ಬಿಡಾಕ ಮನಸ್ಸಾಗ್ಲಿಲ್ಲ.

ಆ ಫೋಟೋನೂ ಸ್ಟ್ರೈಕಿಂದಲ್ಲ. ತುರ್ತು ಪರಿಸ್ಥಿತಿಯೊಳಗ, 1976ರ ಜೂನ್‌ದಾಗ ಕಲ್ಕತ್ತಾದಾಗ ಹಿಡದ ಮ್ಯಾಲೆ ಬರೋಡಾ ಡೈನಮೈಟ್ ಕೇಸಿನ (ಸರ್ಕಾರದ ವಿರುದ್ಧ ಸ್ಫೋಟದ ಸಂಚು ಮಾಡಿದ್ರು ಅನ್ನೋ ಆರೋಪದ ಕೇಸ್) ಹೊತ್ತಿಂದು. 1977ರಾಗ ಜೈಲಿನ್ಯಾಗಿದ್ದಕೊಂಡೇ ಬಿಹಾರದ ಮುಜಫರ್‌ಪುರದಿಂದ ಗೆದ್ರು.

ಮಂಗಳೂರಾಗ ಹುಟ್ಟಿದವ್ರು ಖರೇ, ಆದ್ರ ಲೋಕಸಭೆಗೆ ಮೊದಲು ಗೆದ್ದದ್ದು 1967ರಾಗ ಮುಂಬೈನಿಂದ, ಕಾಂಗ್ರೆಸ್ಸಿನ ದೊಡ್ಡ ನಾಯಕ ಎಸ್.ಕೆ. ಪಾಟೀಲರನ್ನ ಸೋಲಿಸಿ. ಕರ್ನಾಟಕದಾಗ 1984ರಾಗ ಬೆಂಗಳೂರು ಉತ್ತರಕ್ಕ ನಿಂತು ಜಾಫರ್ ಶರೀಫ್ ಎದುರು ಸೋತ್ರು. ರೈಲ್ವೆ ಮಂತ್ರಿ ಆಗಿದ್ದು 1989ರ ಡಿಸೆಂಬರ್‌ದಾಗ, ಅಂದ್ರ ಸ್ಟ್ರೈಕ್ ಆಗಿ 15 ವರ್ಷದ ಮ್ಯಾಲೆ, ಕೊಂಕಣ ರೈಲ್ವೆ ಕೆಲಸಕ್ಕ ಚಾಲನೆ ಸಿಕ್ಕಿದ್ದು ಆವಾಗ. ಗ್ರೂಪಿನ್ಯಾಗ ಹಾಕಿದವ್ರು ದಯವಿಟ್ಟು ಡಿಲೀಟ್ ಮಾಡ್ರಿ.