ಎರಡು ಬೋಲ್ಟಿನ ಪರಿಸರಪ್ರೇಮ

ಕುಮಟೆಯಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವಾಗ ನನ್ನ ಡೀಸೆಲ್ ಜೀಪು ಏದುಸಿರು ಬಿಡುತ್ತಿತ್ತು. ಗ್ಯಾರೇಜಿನ ಭಾವನ ಹತ್ತಿರ ಹೇಳಿಕೊಂಡೆ. ಬಾನೆಟ್ ಎತ್ತಿ, ನಾಡಿ ಹಿಡಿದ ಪಂಡಿತರ ಹಾಗೆ ತಲೆ ಆಡಿಸಿ, "ಇಜಿಆರ್ ಮುಚ್ಚವು ಭಾವಾ, ಉಸಿರು ಕಟ್ತಾ ಇದ್ದು" ಎಂದ.

ಇಜಿಆರ್ ಎಂದರೆ ಎಂಜಿನ್ ಉಗುಳಿದ ಹೊಗೆಯಲ್ಲಿ ಒಂದು ಪಾಲನ್ನು ತಿರುಗಿ ಅದಕ್ಕೇ ಕುಡಿಸುವ ಕವಾಟ. ಹಾಗೆ ಕುಡಿಸಿದರೆ ಒಳಗಿನ ಉರಿ ತಣಿದು ನೈಟ್ರೋಜನ್ ಆಕ್ಸೈಡ್ ಎಂಬ ಕೆಟ್ಟ ಅನಿಲ ಕಡಿಮೆ ಹುಟ್ಟುತ್ತದೆ. ಮಸಿ ಮಾತ್ರ ತುಸು ಹೆಚ್ಚು. ಭಾವ ಅದರ ಬಾಯಿಗೆ ತಗಡು ಕೊಟ್ಟು ಎರಡು ಬೋಲ್ಟ್ ಬಿಗಿದ. ಮೇಲಿಂದ ಆನ್‌ಲೈನಿನಲ್ಲಿ ತರಿಸಿದ 'ಪವರ್ ಬಾಕ್ಸ್' ಬೇರೆ. ಅದು ಎಂಜಿನ್ನಿಗೆ ಡೀಸೆಲ್ ಬಡಿಸುವುದು ನಮ್ಮ ಕಡೆ ಮದುವೆಮನೆಯಲ್ಲಿ ಹೋಳಿಗೆ ಬಡಿಸಿದ ಹಾಗೆ, ಕೈ ಅಡ್ಡ ಹಿಡಿದರೂ ಬಿಡುವುದಿಲ್ಲ.

"ಹೊಗೆ ಟೆಸ್ಟಿಗೆ?"

"ಹೋಗಕಾದ್ರೆ ಬಾಕ್ಸ್ ಕಿತ್ತಿಟ್ಕಂಡು ಹೋಗು. ತಗಡು ಇರ್ಲಿ, ಅದು ಕಾಣ್ತಿಲ್ಲೆ."

ಟೆಸ್ಟಿನ ಹುಡುಗ ಸೈಲೆನ್ಸರಿಗೆ ಕೊಳವೆ ತುರುಕಿ "ಒತ್ತಿ ಸಾರ್" ಎಂದ. ಗೇರಿಲ್ಲ, ಹೊರೆಯಿಲ್ಲ, ಘಟ್ಟವಿಲ್ಲ. ನಿಂತಲ್ಲೇ ಆಕ್ಸಿಲರೇಟರ್ ಒತ್ತಿ ಬಿಡುವುದು. ಹೊಗೆ ಬೆಳಕನ್ನು ಎಷ್ಟು ತಡೆಯಿತು ಎಂದಷ್ಟೇ ಯಂತ್ರ ನೋಡುತ್ತದೆ. ಬಿಎಸ್ 4 (ಭಾರತ್ ಸ್ಟೇಜ್ ಎಂಬ ಮಾಲಿನ್ಯ ನಿಯಮದ ನಾಲ್ಕನೇ ಹಂತ) ಗಾಡಿಗೆ ಆ ತಡೆಯ ಮಿತಿ ಮೀಟರಿಗೆ 1.62. ನನ್ನದು ಹೋದ ವರ್ಷಕ್ಕಿಂತ ಚೊಕ್ಕವಾಗಿ ಪಾಸಾಯಿತು! ನೈಟ್ರೋಜನ್ ಆಕ್ಸೈಡಿನ ಸುದ್ದಿಯನ್ನು ಡೀಸೆಲ್ ಗಾಡಿಯ ಹತ್ತಿರ ಆ ಯಂತ್ರ ಎತ್ತುವುದೇ ಇಲ್ಲ. ಮಾಲಿನ್ಯ ತಡೆಯುವ ಅಂಗದ ಬಾಯಿ ಮುಚ್ಚಿದವನಿಗೆ, ಮಾಲಿನ್ಯ ಹತೋಟಿಯಲ್ಲಿದೆ ಎಂಬ ಕಾಗದ. ಒಂದು ವರ್ಷಕ್ಕೆ.

ಪಾಪ, ಫೋಕ್ಸ್‌ವ್ಯಾಗನ್ ಕಂಪನಿಯವರು ನೆನಪಾದರು. ಪರೀಕ್ಷೆ ನಡೆಯುತ್ತಿದೆ ಎಂದು ಕಾರೇ ಪತ್ತೆ ಹಚ್ಚಿ ಆ ಹೊತ್ತಿಗೆ ಮಾತ್ರ ಸಂಭಾವಿತನಾಗುವ ಸಾಫ್ಟ್‌ವೇರ್ ಬರೆದು, ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಿಗೆ ತುಂಬಿ, 2015ರಲ್ಲಿ ಸಿಕ್ಕಿಬಿದ್ದರು. ಅವರನ್ನು ಹಿಡಿಸಿದ್ದು ರಸ್ತೆಯ ಮೇಲೆ ಓಡುತ್ತಲೇ ಮಾಡಿದ ಅಳತೆ. ನನ್ನ ಜೀಪಿಗೆ ಅಂಥ ಅಳತೆಯ ಕಾಟವಿಲ್ಲ, ಸಾಫ್ಟ್‌ವೇರಿನ ಖರ್ಚೂ ಇಲ್ಲ. ಬಾಕ್ಸ್ ಕೀಳುವವನೂ ನಾನೇ, ಮತ್ತೆ ಸಿಕ್ಕಿಸುವವನೂ ನಾನೇ. ಹೀಗೆ ಗಾಡಿಗೆ ಸಿಕ್ಕಿಸುವ ಸಾಮಾನಿನ ವಿಷಯಕ್ಕೆ ಬಂದರೆ, ಅಮೆರಿಕದ ಪರಿಸರ ಸಂಸ್ಥೆಯವರು ಇಂಧನ ಉಳಿಸುತ್ತವೆಂದು ಹೇಳಿಕೊಂಡು ಮಾರುವ ನೂರಕ್ಕೂ ಹೆಚ್ಚು ಉಪಕರಣಗಳನ್ನು ಪರಿಶೀಲಿಸಿ, ಪ್ರಯೋಜನ ಕಂಡದ್ದು ಬೆರಳೆಣಿಕೆಯವುಗಳಲ್ಲಿ ಎಂದರಂತೆ. ಭಾವನ ಮೌಲ್ಯಮಾಪನ ಅಷ್ಟು ಉದ್ದವಿಲ್ಲ. ಎಕ್ಸಲೇಟರ್ (ಅವನ ಉಚ್ಚಾರ) ಒಮ್ಮೆ ಒತ್ತಿ, "ಪಿಕಪ್ ಬಂತಲ ಮಾರಾಯಾ!" ಎಂದರೆ ವರದಿ ಮುಗಿಯಿತು.

ಮೊನ್ನೆ ಬಾಕ್ಸ್ ಸಿಕ್ಕಿಸಿ, ಅಡಿಕೆ ಚೀಲ ಹೇರಿ, ದೇವಿಮನೆ ಹತ್ತಿದೆ. ಎರಡನೇ ಗೇರಿನಲ್ಲಿ ಕನ್ನಡಿ ನೋಡಿದರೆ ಹಿಂದಿದ್ದ ಬೈಕಿನವನೇ ಇಲ್ಲ. ಬಿದ್ದನೋ ಎಂದು ಹೆದರಿದೆ. ಇದ್ದ, ಕಪ್ಪು ಮೋಡದೊಳಗೆ. ಮುಂದೆ ಬಂದು ಅಡ್ಡಗಟ್ಟಿ, "ಪೇಪರ್ ಇದ್ಯಾ ಗಾಡಿಗೆ?" ಎಂದು ಕೂಗಿದ.

ಕೊಟ್ಟೆ. ಕನ್ನಡಕದ ಮಸಿ ಒರೆಸಿಕೊಂಡು ದಿನಾಂಕ ಓದಿದ.