ಅನ್ನಪೂರ್ಣೆಯ ಸವೆದ ಮೂಗು

ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತು ಅಂದ್ರೆ ವಾಟ್ಸಾಪ್ ತುಂಬಾ ಅದೇ ವಿಡಿಯೊ. ಕಪ್ಪಾದ ಹಿತ್ತಾಳೆ ವಿಗ್ರಹವನ್ನು ಎಂಥದ್ದೋ ನೀರಿಗೆ ಅದ್ದುತ್ತಾರೆ, ಮೇಲೆತ್ತುತ್ತಾರೆ, ಫಳಫಳ. ನೋಡಿದಾಗಲೆಲ್ಲ ನನಗೆ ಕರುಳು ಚುರುಕ್ ಅನ್ನುತ್ತದೆ. ನಾನೂ ಇದೇ ಕೆಲಸ ಮಾಡಿ ಕೈ ಸುಟ್ಟುಕೊಂಡವಳು.

ಅಜ್ಜಿ ತವರಿನಿಂದ ತಂದ ಅನ್ನಪೂರ್ಣೆ ನಮ್ಮ ಮನೆಯಲ್ಲಿದ್ದಾಳೆ. ಹೆಬ್ಬೆರಳಿನಷ್ಟು ಎತ್ತರ. ಕಾಲು ಮಡಚಿ ಕೂತು, ಎರಡೂ ಕೈಯಲ್ಲಿ ಸೌಟನ್ನು ತೊಡೆಯ ಮೇಲೆ ಅಡ್ಡ ಹಿಡಿದಿದ್ದಾಳೆ. ಹೊರನಾಡಿನ ಅಮ್ಮ ನಿಂತಿರುವವಳು, ಕೈಯಲ್ಲಿ ಶಂಖ, ಚಕ್ರ. ನಮ್ಮವಳ ಹತ್ತಿರ ಬರೀ ಸೌಟು. ಭಿಕ್ಷೆಗೆ ಬಂದ ಶಿವನಿಗೇ ಬಡಿಸಿದ ಸೌಟು ಅದು ಅಂತ ಅಜ್ಜಿ ಹೇಳುತ್ತಿದ್ದರು. ದೇವರ ಕೈಯಲ್ಲಿ ಅಡುಗೆಮನೆ ಸಾಮಾನು ಇರೋದು ಎಷ್ಟು ಚೆಂದ ಅಲ್ವಾ? ಬಟ್ಟಲಲ್ಲಿ ಅಕ್ಕಿ ತುಂಬಿ ಅದರ ಮೇಲೆ ಕೂರಿಸುತ್ತೇವೆ, ಮನೆಯ ಅಕ್ಕಿ ಡಬ್ಬ ಬರಿದಾಗಬಾರದು ಅಂತ. ಮೂಗು, ಕಣ್ಣು ಸವೆದು ಮುಖ ಈಗ ಹುಣಸೆಬೀಜದ ಹಾಗೆ ನುಣ್ಣಗಾಗಿದೆ.

ಕೆಲವು ವರ್ಷದ ಹಿಂದೆ, ಹಬ್ಬದ ಹಿಂದಿನ ರಾತ್ರಿ, ಉಜ್ಜೋಕೆ ಬೇಜಾರಾಗಿ ಹುಣಸೆಹಣ್ಣು, ನಿಂಬೆರಸ, ಉಪ್ಪು ಎಲ್ಲ ಕಲಸಿದ ನೀರಲ್ಲಿ ಅವಳನ್ನು ಮುಳುಗಿಸಿಟ್ಟು ಸುಮ್ನೆ ಮಲಗಿಬಿಟ್ಟೆ. ಬೆಳಿಗ್ಗೆ ತೆಗೆದರೆ ಬೆನ್ನ ಮೇಲೆ ಗುಲಾಬಿ ಮಚ್ಚೆ. ಎಷ್ಟು ಉಜ್ಜಿದರೂ ಹೋಗಲಿಲ್ಲ. ಹಿತ್ತಾಳೆ ಅಂದ್ರೆ ತಾಮ್ರಕ್ಕೆ ಸತು ಬೆರೆಸಿದ್ದು, ಸಾಮಾನ್ಯವಾಗಿ ನೂರಕ್ಕೆ 60-70 ಪಾಲು ತಾಮ್ರ. ಹುಳಿಯಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಮೇಲಿನ ಸತು ಕರಗಿಹೋಗಿ ತಾಮ್ರ ಇಣುಕುತ್ತದೆ. ಉಜ್ಜಿದರೆ ಹೋಗೋಕೆ ಅದೇನು ಕೊಳೆಯಾ?

ಹುಣಸೆಹಣ್ಣೇ ಬೇಡ ಅಂತಲ್ಲ. ಎರಡು ನಿಮಿಷ ಬೆರಳಲ್ಲೇ ಉಜ್ಜಿ, ಚೆನ್ನಾಗಿ ತೊಳೆದು, ಹಳೇ ಪಂಚೆ ಬಟ್ಟೆಯಲ್ಲಿ ಒರೆಸಿ. ಸಂದಿಯಲ್ಲಿ ನೀರು ನಿಂತರೆ ಹಸಿರು ಕಿಲುಬು ಗ್ಯಾರಂಟಿ. ಗಂಧ, ಕುಂಕುಮ ಗಟ್ಟಿಯಾಗಿ ಕೂತಿದ್ದರೆ ಬೆಚ್ಚಗಿನ ನೀರಲ್ಲಿ ನೆನೆಸಿ ಮೆತ್ತನೆ ಬ್ರಷ್ ಆಡಿಸಿ. ಸ್ಟೀಲ್ ನಾರು ಮಾತ್ರ ದೇವರ ಹತ್ತಿರ ಸುಳಿಯಬಾರದು. ಹೊಸ ವಿಗ್ರಹಗಳಿಗೆ ಎಷ್ಟೋ ಸಲ ಲ್ಯಾಕರ್ ಅನ್ನೋ ತೆಳು ಮೆರುಗು ಲೇಪ ಬಳಿದಿರುತ್ತಾರೆ, ಅದಕ್ಕೆ ಒದ್ದೆ ಬಟ್ಟೆ ಸಾಕು. ಹುಳಿ ಹಾಕಿ ತಿಕ್ಕಿದರೆ ಅಲ್ಲಲ್ಲಿ ಕಿತ್ತು ಚಿಬ್ಬು ಹಿಡಿದ ಹಾಗೆ ಕಾಣುತ್ತದೆ.

ನನ್ನ ನಿಜವಾದ ಸಿಟ್ಟು ಬೇರೆ ಕಡೆ ಇದೆ. "ಮುಖವೇ ಇಲ್ವಲ್ಲ, ಹೊಸದು ತಗೊಳ್ಳಿ" ಅಂತ ಸಲಹೆ ಕೊಡ್ತಾರಲ್ಲ, ಅವರ ಮೇಲೆ. ಭಿನ್ನವಾದ ವಿಗ್ರಹ ಪೂಜೆಗೆ ಬೇಡ ಅಂತಾರೆ, ಸರಿ, ಒಪ್ಪಿದೆ. ಕೈ ಮುರಿದದ್ದು ಭಿನ್ನ. ಸವೆದದ್ದು ಹೇಗೆ ಭಿನ್ನ? ಅಜ್ಜಿಯ ಹೆಬ್ಬೆರಳು, ಅಮ್ಮನ ಹೆಬ್ಬೆರಳು ಸೇರಿ ಸವೆಸಿದ ಮೂಗು ಅದು. ಇತ್ತ ಅಂಗಡಿಗೆ ಹೋದರೆ ಹೊಸ ಹಿತ್ತಾಳೆಗೆ ಕೆಮಿಕಲ್ ಹಚ್ಚಿ ಕಪ್ಪು ಮಾಡಿ "ಆ್ಯಂಟಿಕ್ ಫಿನಿಶ್" ಅಂತ ಮಾರುತ್ತಾರೆ, ಇದೇ ಜನ ಹೋಗಿ ಕೊಂಡು ಹಾಲ್‌ನಲ್ಲಿಡುತ್ತಾರೆ!

ತಮಿಳುನಾಡಿನ ಸ್ವಾಮಿಮಲೆಯಲ್ಲಿ ಸ್ಥಪತಿಗಳು, ಅಂದ್ರೆ ವಿಗ್ರಹ ಮಾಡುವ ಶಿಲ್ಪಿಗಳು, ಮೊದಲು ಮೇಣದಲ್ಲಿ ಮೂರ್ತಿ ಮಾಡಿ, ಅದಕ್ಕೆ ಕಾವೇರಿಯ ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಆ ಖಾಲಿ ಜಾಗಕ್ಕೆ ಪಂಚಲೋಹ ಹೊಯ್ಯುತ್ತಾರೆ. ಮೂರ್ತಿ ಹೊರಗೆ ಬರಬೇಕಾದರೆ ಅಚ್ಚು ಒಡೆಯಲೇಬೇಕು. ಹಾಗಾಗಿ ಒಂದರ ಹಾಗೆ ಇನ್ನೊಂದು ಇರೋದಿಲ್ಲ. ನಮ್ಮ ಅನ್ನಪೂರ್ಣೆಗೆ ಅಂಥಾ ದೊಡ್ಡಸ್ತಿಕೆ ಇಲ್ಲ, ಸಂತೆಯ ಮಾಲು. ಒಂದೇ ಅಚ್ಚಿನ ಅಕ್ಕತಂಗಿಯರು ಊರ ತುಂಬಾ ಇರಬಹುದು. ಆದರೆ ಈ ಮೂಗು ಇನ್ಯಾರಿಗೂ ಇಲ್ಲ.

ಈ ಸಲ ಮಗಳು ತಾನೇ ತೊಳೀತೀನಿ ಅಂದಿದ್ದಾಳೆ. ಹುಣಸೆಹಣ್ಣು ಅಡಿಕೆಯಷ್ಟೇ ಕೊಡ್ತೀನಿ. ಗುಲಾಬಿ ಮಚ್ಚೆಯ ಬೆನ್ನು ಎಂದಿನ ಹಾಗೆ ಗೋಡೆ ಕಡೆಗೆ.