ಫೈಲು ಕೆಟ್ಟಿದೆ, ಫೈಲು ಹೋಗಿದೆ

ಆದಾಯ ಪ್ರಮಾಣಪತ್ರ ಕೇಳಲು ಧಾರವಾಡದ ಕಚೇರಿಯೊಂದಕ್ಕೆ ಹೋಗಿದ್ದೆ. "ಕಂಪ್ಯೂಟರ್ ಏಳವಲ್ದರಿ, ನಾಳೆ ಬರ್ರಿ" ಎಂದರು ಕಿಟಕಿಯೊಳಗಿನವರು. ಜ್ವರ ಬಂದ ಅಜ್ಜನ ಸುದ್ದಿ ಹೇಳುವ ದನಿ. ಹೋದ ಆಯುಧಪೂಜೆಯ ಕುಂಕುಮ ಯಂತ್ರದ ಹಣೆಯ ಮೇಲೆ ಇನ್ನೂ ಇತ್ತು, ಪಾಪ.

ಆಗಿದ್ದು ಇಷ್ಟೇ. ಮಳೆ ಬಂದಾಗಲೆಲ್ಲ ಕರೆಂಟ್ ಹೋಗುತ್ತದೆ. ಯುಪಿಎಸ್ ಇದೆ, ಬ್ಯಾಟರಿ ಸತ್ತಿದೆ. ಈಗ ಅದರ ಮೇಲೆ ಚಹಾ ಕಪ್ ಇಡುತ್ತಾರೆ. ಡಿಸ್ಕಿನಲ್ಲಿ ಬರೆಯುತ್ತಿದ್ದದ್ದು ಅರ್ಧಕ್ಕೇ ನಿಂತು ಸಿಸ್ಟಂ ಫೈಲುಗಳು ಕೆಟ್ಟವು. ಒಳಗಿರುವುದು ವಿಂಡೋಸ್ 10. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೇ ಅದಕ್ಕೆ ನಿವೃತ್ತಿ ಕೊಟ್ಟಿದೆ. ಇಲ್ಲಿ ಸೇವಾವಧಿ ವಿಸ್ತರಣೆ ನಡೆದಿದೆ.

ಹುಬ್ಬಳ್ಳಿಯ ಕೊಪ್ಪಿಕರ ರಸ್ತೆ ಕಡೆಯಿಂದ ರಿಪೇರಿ ಹುಡುಗ ಬಂದ. ನೋಡಿದ. "ಸಿಸ್ಟಂ ಫೈಲ್ ಕರಪ್ಟ್ ಆಗ್ಯಾವ್ರಿ" ಎಂದ.

ಕಚೇರಿ ಗಪ್‌ಚುಪ್. ಸಾಹೇಬರು ಎದ್ದು ಬಂದರು. "ತಮ್ಮಾ, ಆ ಶಬ್ದ ಬರೀಬ್ಯಾಡ. ನಾಳೆ ಲೋಕಾಯುಕ್ತದವರು ಓದಿದ್ರ?" ಕೊನೆಗೆ ವರದಿಯಲ್ಲಿ 'ಕಡತಗಳಿಗೆ ಅಸ್ವಸ್ಥತೆ' ಎಂದಾಯಿತು. ಹಿರಿಯ ಗುಮಾಸ್ತರ ಚಿಂತೆ ಬೇರೆ. "ಯಾವ ಫೈಲು? ಯಾರ ಟೇಬಲ್ ಮ್ಯಾಲಿತ್ತು?"

"ಸಿಸ್ಟಂ 32 ಒಳಗರಿ."

"ನಮ್ಮಲ್ಲಿ ಇರೋದೇ 9 ರೂಮು!"

ಕೆಲಸ ಅಂಥ ದೊಡ್ಡದಲ್ಲ. ಪೆನ್‌ಡ್ರೈವಿನಿಂದ ಬೂಟ್ ಮಾಡಿ ರಿಕವರಿಗೆ, ಅಂದರೆ ವಿಂಡೋಸಿನ ದುರಸ್ತಿ ಪರದೆಗೆ ಹೋಗಬೇಕು. ಮೊದಲು ಜನರ ದಾಖಲೆಗಳನ್ನು ಬೇರೆ ಡಿಸ್ಕಿಗೆ ಇಳಿಸಿಕೊಳ್ಳಬೇಕು. ಆಮೇಲೆ ಆಜ್ಞೆ ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟಿನಲ್ಲಿ ವಿಂಡೋಸ್ ಯಾವ ಡ್ರೈವಿನಲ್ಲಿದೆ ಎಂದು ತೋರಿಸಿ, ಸಿಸ್ಟಂ ಫೈಲು ತಪಾಸಣೆ ಮಾಡುವ ಎಸ್‌ಎಫ್‌ಸಿ ಓಡಿಸಬೇಕು. ಅಲ್ಲಿ ಸಿ ಡ್ರೈವು ಕೆಲವೊಮ್ಮೆ ಡಿ ಆಗಿ ಕೂತಿರುತ್ತದೆ. ವರ್ಗಾವಣೆ ಯಾರಿಗೆ ತಪ್ಪಿದೆ ಅಲ್ವಾ? ಎಸ್‌ಎಫ್‌ಸಿ ಕೆಟ್ಟ ಫೈಲನ್ನು ಹುಡುಕಿ ತೆಗೆದು ಅದರ ಒಳ್ಳೆಯ ಪ್ರತಿ ಕೂರಿಸುತ್ತದೆ. ಯಾರ ಸಹಿಯನ್ನೂ ಕೇಳುವುದಿಲ್ಲ.

ಸಾಹೇಬರಿಗೆ ಹಿಡಿಸದಿದ್ದದ್ದು ಇದೇ. "ಮಂಜೂರಾತಿ ಇಲ್ದೆ ಫೈಲ್ ಬದಲಿ ಮಾಡೂದಂದ್ರೇನು? ಸುಮ್ನೆ ಫಾರ್ಮ್ಯಾಟ್ ಹೊಡಿ." ಇದ್ದ ದಾಖಲೆ ಎಲ್ಲ ಅಳಿಸಲು ಮಾತ್ರ ಯಾರ ಮಂಜೂರಾತಿಯೂ ಬೇಡ. ಹುಡುಗ ಒಪ್ಪಲಿಲ್ಲ. ಹಾಗಾಗಿ ಕೈಬರಹದಲ್ಲಿ ದುರಸ್ತಿ ಪ್ರಸ್ತಾವ ಸಿದ್ಧವಾಯಿತು. 3 ಕೊಟೇಶನ್, ಹಳೆಯ ಬಿಲ್ಲು, ಯಂತ್ರಕ್ಕೆ ಸಂಬಂಧಿಸಿದ ಇದ್ದಬದ್ದ ಚೀಟಿ ಎಲ್ಲ ಲಗತ್ತಿಸಿ, ಕೆಂಪು ದಾರ ಕಟ್ಟಿ ಮೇಲಕ್ಕೆ ಕಳಿಸಿದರು.

ಹನ್ನೊಂದು ದಿನ ಕಳೆಯಿತು. ನನ್ನ ನಾಳೆ ಬರಲಿಲ್ಲ. ಹುಡುಗನಿಗೇ ಬೇಜಾರಾಗಿ, ಎಲ್ಲರೂ ಗಿರಮಿಟ್ಟು ತಿನ್ನಲು ಹೋದ ಹೊತ್ತಿನಲ್ಲಿ ಬಂದು ರಿಪೇರಿ ಮಾಡಿಯೇಬಿಟ್ಟ. ತಿಂದು ಬಂದವರು ನೋಡಿದರೆ ಯಂತ್ರ ಎದ್ದು ಕೂತು ಪಾಸ್‌ವರ್ಡ್ ಕೇಳುತ್ತಿದೆ.

ಸಾಹೇಬರು ಗುಮಾಸ್ತರ ಮುಖ ನೋಡಿದರು. ಗುಮಾಸ್ತರು ಗೋಡೆ ನೋಡಿದರು. ಪಾಸ್‌ವರ್ಡ್ ಬರೆದಿದ್ದ ಚೀಟಿಯನ್ನೂ ಆ ಫೈಲಿಗೇ ಪಿನ್ ಮಾಡಿದ್ದರು.

ಫೈಲು ಬೆಂಗಳೂರಿಗೆ ಹೋಗಿದೆ.